ನೀಲಿಗೆ ತಿರುಗಿದ ಕಾಗದ

ಆಗೆಲ್ಲ ಅಳದಂಗಡಿ ಕಡೆಯ ರಬ್ಬರ್ ಬೆಳೆಗಾರರ ಮನೆಗಳನ್ನು ಗುರುತಿಸಲು ಯಾರ ಹತ್ತಿರವೂ ದಾರಿ ಕೇಳಬೇಕಾಗಿರಲಿಲ್ಲ. ಅಂಗಳಕ್ಕೆ ಕಾಲಿಡುವ ಮೊದಲೇ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು, ಅದರ ಹಿಂದೆ ಹೊಗೆಗೂಡಿನ ಹೊಗೆ, ತಂತಿಯ ಮೇಲೆ ಒಣಗುವ ಬಿಳಿ ಶೀಟುಗಳ ನಾತ. ಬಸ್ಸಿನಲ್ಲಿ ನಮ್ಮ ಪಕ್ಕ ಕೂತವರು ಮೆಲ್ಲನೆ ಮುಖ ತಿರುಗಿಸುತ್ತಿದ್ದರು. ನಮಗೇನು ಬೇಜಾರು! ಮರಕ್ಕೆ ಕಟ್ಟಿದ ತೆಂಗಿನ ಗೆರಟೆಯ ಅಂಚಿನಲ್ಲಿ ಒಣಗಿದ ರಬ್ಬರ್ ಹಾಲನ್ನು ಎಳೆಎಳೆಯಾಗಿ ಕಿತ್ತು ಸುತ್ತಿದರೆ ಒಂದು ಚೆಂಡಾಗುತ್ತಿತ್ತು, ನೆಲಕ್ಕೆ ಹೊಡೆದರೆ ಮಾಡಿನ ಹಂಚಿನವರೆಗೆ ಹಾರುತ್ತಿತ್ತು. ಅದರಲ್ಲಿ ಆಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ವಾಸನೆ ಈಗಲೇ ಅವರ ಮೂಗಿಗೆ ಬಂದಿರುತ್ತದೆ.

ಹುಳಿ ವಾಸನೆ ಆಸಿಡ್‌ನದ್ದು. ಬೆಳಿಗ್ಗೆ ಮರದಿಂದ ಇಳಿಸಿದ ಹಾಲನ್ನು ಟ್ರೇಗಳಿಗೆ ಹೊಯ್ದು, ನೀರು ಬೆರೆಸಿದ ಆಸಿಡ್ ಹಾಕಿ ಕೈಯಾಡಿಸಿದರೆ ಮಧ್ಯಾಹ್ನದೊಳಗೆ ಹಾಲು ಗಟ್ಟಿಯಾಗುತ್ತಿತ್ತು. ಮತ್ತೆ ಅದನ್ನು ರೋಲರಿಗೆ ಕೊಟ್ಟು ಶೀಟು ಮಾಡುವುದು. ಮರ ಕೆತ್ತುವ ಟ್ಯಾಪಿಂಗ್, ಹಾಲು, ಆಸಿಡ್ ಎಲ್ಲ ಅಮ್ಮನದ್ದು. ರೋಲರ್ ತಿರುಗಿಸುವುದು ಅಪ್ಪನದ್ದು. ಗಂಜಿ ಬೇಯಿಸಿ ಎಲ್ಲರಿಗೂ ಬೈಯುವುದು ಅಜ್ಜಿಯದ್ದು. ಏಳನೆಯ ಕ್ಲಾಸಿನಲ್ಲಿದ್ದ ನನ್ನದು ತಲೆಹರಟೆ. (ಮನೆಯಲ್ಲಿ ಆಡುತ್ತಿದ್ದದ್ದು ತುಳು. ಇಲ್ಲಿ ಶಾಲೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಜ್ಜಿಯ ಬೈಗುಳದ ಅರ್ಧ ಖಾರ ಹೋಯಿತು ಅಂತಲೇ ತಿಳಿಯಿರಿ.)

ಆ ವರ್ಷ ವಿಜ್ಞಾನದಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲದ ಪಾಠ ಬಂತು. ಹುಳಿಯಾದದ್ದು ಆಮ್ಲ, ಸಾಬೂನಿನ ನೀರು, ಸುಣ್ಣದ ನೀರು ಪ್ರತ್ಯಾಮ್ಲ. ಆಮ್ಲದಲ್ಲಿ ಲಿಟ್ಮಸ್ ಕಾಗದ ಕೆಂಪು, ಪ್ರತ್ಯಾಮ್ಲದಲ್ಲಿ ನೀಲಿ. ಯೂನಿಫಾರ್ಮಿಗೆ ಬಿದ್ದ ಸಾರಿನ ಅರಿಶಿನ ಸಾಬೂನು ಹಚ್ಚಿದೊಡನೆ ಯಾಕೆ ಕೆಂಪಾಗುತ್ತದೆ ಎಂಬುದು ಗೊತ್ತಾದ ದಿನ ನಾನು ನೆಲದ ಮೇಲೆ ನಡೆಯಲಿಲ್ಲ. ಟೀಚರ್ ಒಂದು ಪ್ರಯೋಗವನ್ನೂ ಮಾಡಿಸಿದರು. ಗಾಜಿನ ನಳಿಕೆಯಲ್ಲಿ ಆಮ್ಲ, ಅದಕ್ಕೆ ಒಂದು ಹನಿ ಸೂಚಕ. ಡ್ರಾಪರಿನಿಂದ ಪ್ರತ್ಯಾಮ್ಲ ಹನಿಸಲು ಕರೆದದ್ದು ನನ್ನನ್ನು. ಹನಿ ಬಿದ್ದಲ್ಲಿ ಗುಲಾಬಿ ಬಣ್ಣ ಬರುತ್ತಿತ್ತು, ಅಲ್ಲಾಡಿಸಿದರೆ ಹೋಗುತ್ತಿತ್ತು. ಕೊನೆಗೆ ಒಂದು ಹನಿಗೆ ಬಣ್ಣ ನಿಂತೇಬಿಟ್ಟಿತು. ಕ್ಲಾಸಿಡೀ ಚಪ್ಪಾಳೆ.

"ನೋಡಿ, ಒಂದು ಇನ್ನೊಂದನ್ನು ಕೊಲ್ಲುತ್ತದೆ. ಇರುವೆ ಕಚ್ಚಿದರೆ ಉರಿಯುವುದು ಫಾರ್ಮಿಕ್ ಆಮ್ಲದಿಂದ. ಅಡುಗೆ ಸೋಡಾ ಹಚ್ಚಿದರೆ ಉರಿ ಹೋಗುತ್ತದೆ" ಎಂದರು ಟೀಚರ್.

"ಟೀಚರ್, ಫಾರ್ಮಿಕ್ ಆಸಿಡ್ ನಮ್ಮ ಮನೆಯಲ್ಲಿ ಒಂದು ಕ್ಯಾನ್ ಉಂಟು!" ಎಂದು ನಾನು ಎದ್ದುನಿಂತೆ. ಎಲ್ಲರೂ ನಕ್ಕರು. ಅದು ವಿನೆಗರಿನ ಹಾಗೆ ದುರ್ಬಲ ಆಮ್ಲ, ಆದರೂ ಹುಷಾರು ಎಂದು ಟೀಚರ್ ಹೇಳಿದರು. ನನ್ನ ಕಿವಿಗೆ ದುರ್ಬಲ ಎಂಬಷ್ಟೇ ಬಿತ್ತು.

ಅವತ್ತಿನಿಂದ ಮನೆಯವರ ಕಷ್ಟ ಕೇಳಬೇಡಿ. "ಅಜ್ಜಿ, ನೀನು ಎಲೆಗೆ ಹಚ್ಚುವ ಸುಣ್ಣ ಉಂಟಲ್ಲ, ಅದು ಪ್ರತ್ಯಾಮ್ಲ, ಗೊತ್ತುಂಟಾ?"

"ಹೌದಾ ಟೀಚರಮ್ಮ? ಮೊದ್ಲು ಆ ಪಾತ್ರೆ ತೊಳಿ" ಎನ್ನುತ್ತಿದ್ದಳು ಅಜ್ಜಿ. ಅಮ್ಮ ಮಾತ್ರ ನಾನು ಹೇಳಿದ್ದನ್ನೆಲ್ಲ ಕೇಳುತ್ತಿದ್ದಳು. ಅವಳು ಓದಿದ್ದು ಐದನೆಯವರೆಗೆ. ಮಗಳು ಬಾಯಿ ಬಿಟ್ಟರೆ ಪುಸ್ತಕವೇ ಮಾತಾಡಿದ ಹಾಗೆ ಅವಳಿಗೆ.

ಡಿಸೆಂಬರಿನ ಕ್ರಿಸ್‌ಮಸ್ ರಜೆಯಲ್ಲಿ ಅದು ಆದದ್ದು. ರೋಲರಿನ ಹಲ್ಲು ಮುರಿದಿತ್ತು, ಅಪ್ಪ ಅದನ್ನು ಸರಿಮಾಡಿಸಲು ಹಿಡಿದುಕೊಂಡು ಬಿ.ಸಿ.ರೋಡಿಗೆ ಹೋಗಿದ್ದರು. ಅಮ್ಮ ಹೊಸ ಆಸಿಡ್ ಕ್ಯಾನಿನ ಮುಚ್ಚಳ ತೆಗೆದಳು. ಕಂಠದವರೆಗೆ ತುಂಬಿದ್ದ ಕ್ಯಾನ್ ಭಾರವಿತ್ತು. ನೀರಿದ್ದ ಬಾಲ್ದಿಗೆ ಬಗ್ಗಿಸಿದೊಡನೆ ಗುಳಕ್ ಅಂತ ಒಂದು ಗುಟುಕು ಹೊರಗೆ ನೆಗೆಯಿತು. ಸೀದಾ ಅವಳ ಬಲಗಣ್ಣಿಗೆ.

ಕ್ಯಾನ್ ಕೈಯಿಂದ ಜಾರಿತು. ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕುಸಿದಳು. ಮತ್ತೆ ಎದ್ದು, ಒಂದು ಕೈ ಮುಂದೆ ಚಾಚಿ, ನೀರಿನ ಡ್ರಮ್ಮಿನ ಕಡೆ ತಡವರಿಸಿದಳು.

"ನೀರು, ಮಗಾ. ನೀರು ಕೊಡು."

ನಾನು ಕೊಡಲಿಲ್ಲ. ಅವಳ ಕೈ ಹಿಡಿದು ನಿಲ್ಲಿಸಿದೆ. ತಲೆಯೊಳಗೆ ಕ್ಲಾಸಿನ ಚಪ್ಪಾಳೆ.

"ಬೇಡ ಅಮ್ಮ, ನೀರಿನಿಂದ ಅದು ಸಾಯುದಿಲ್ಲ. ಅದಕ್ಕೆ ಎಂತ ಹಾಕ್ಬೇಕು ಅಂತ ನನಗೆ ಗೊತ್ತುಂಟು. ಇಲ್ಲೇ ಕೂತ್ಕೋ, ಈಗ ತರ್ತೇನೆ."

ಅಡುಗೆಮನೆಗೆ ಓಡಿದೆ. ಸೋಡಾದ ಡಬ್ಬಿ ಖಾಲಿ. ಜಗಲಿಯಲ್ಲಿ ಅಜ್ಜಿಯ ಎಲೆ ಪೆಟ್ಟಿಗೆ ಇತ್ತು. ಅದರ ಸುಣ್ಣದ ಕರಡಿಗೆಯಿಂದ ಒಂದು ಬೆರಳು ಬಾಚಿ ಲೋಟದ ನೀರಿಗೆ ಕಲಸಿದೆ. ನೀರು ಹಾಲಿನ ಬಣ್ಣಕ್ಕೆ ಬಂತು. ಕರಗದ ಸುಣ್ಣ ತಳದಲ್ಲಿ ಸುತ್ತುತ್ತಿತ್ತು, ಅದನ್ನು ನೋಡಿಯೂ ನೋಡದ ಹಾಗೆ ಓಡಿದೆ.

"ಕಣ್ಣು ಬಿಡು ಅಮ್ಮ."

ಅವಳು ತನ್ನ ಎರಡು ಬೆರಳಿನಿಂದಲೇ ರೆಪ್ಪೆ ಎಳೆದು ಹಿಡಿದಳು. ನಾನು ಹೊಯ್ದೆ. ಅವಳ ಮೈ ಒಮ್ಮೆ ಬಿಲ್ಲಿನ ಹಾಗೆ ಸೆಟೆಯಿತು, ಬೆರಳು ಸಡಿಲವಾಗಲಿಲ್ಲ. ಲೋಟ ಖಾಲಿಯಾಗುವವರೆಗೂ ಹಿಡಿದೇ ಇದ್ದಳು. ಆಮೇಲೆ ಅವಳ ಬಾಯಿಯಿಂದ ಬಂದ ಕೂಗು ಇದೆಯಲ್ಲ, ಅಂಥದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ನಂತರವೂ ಕೇಳಿಲ್ಲ.

ಕೊಟ್ಟಿಗೆಯ ಹಿಂದಿನಿಂದ ಅಜ್ಜಿ ಓಡಿಬಂದಳು. ಏನೂ ಕೇಳಲಿಲ್ಲ. ಸೊಸೆಯ ಜಡೆ ಹಿಡಿದು ತಲೆಯನ್ನು ನಳ್ಳಿ ನೀರಿನ ಕೆಳಗೆ ಬಗ್ಗಿಸಿದಳು. "ಸಂಜೀವನ್ನ ಕರಿ! ಜೀಪ್ ತರ್ಲಿಕ್ಕೆ ಹೇಳು! ನಿಂತು ಎಂತ ನೋಡ್ತೀ?" ಎಂದು ನನ್ನ ಮೇಲೆ ಅರಚಿದಳು. ಹೋಗುವ ಮೊದಲು ನಾನೊಂದು ಕೆಲಸ ಮಾಡಿದೆ. ಲೋಟವನ್ನು ಡ್ರಮ್ಮಿನಲ್ಲಿ ಅದ್ದಿ ತೊಳೆದು, ಬೋರಲು ಹಾಕಿದೆ. ತಪ್ಪಾಗಿದೆ ಅಂತ ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು ಅಂತ ಆಯಿತಲ್ಲ. ಇಷ್ಟು ವರ್ಷ ಈ ಮಾತನ್ನು ಬರೆಯಲಿಕ್ಕೇ ಹೆದರಿದ್ದೇನೆ.

ಪಕ್ಕದ ಮನೆಯ ಸಂಜೀವಣ್ಣನ ಜೀಪಿನಲ್ಲಿ ಅಮ್ಮ, ನಾನು. ಅಜ್ಜಿ ಎರಡು ಬಾಟ್ಲಿ ನೀರು ಕೊಟ್ಟು, "ದಾರಿಯುದ್ದಕ್ಕೂ ಹೊಯ್ತಾ ಹೋಗು" ಎಂದಿದ್ದಳು. ಗುರುವಾಯನಕೆರೆಯ ಕ್ಲಿನಿಕ್ಕಿನವರು ನೋಡಿದೊಡನೆ, "ಇಲ್ಲಿ ಆಗುದಿಲ್ಲ, ಸೀದಾ ಮೂಡುಬಿದಿರೆಗೆ ಕಣ್ಣಿನ ಡಾಕ್ಟ್ರ ಹತ್ರ ಹೋಗಿ" ಎಂದರು. ಸಂಜೀವಣ್ಣ ಮೊಬೈಲಿನಲ್ಲಿ ಅಪ್ಪನಿಗೆ ಸುದ್ದಿ ಮುಟ್ಟಿಸಿದರು. ವೇಣೂರಿನ ತಿರುವುಗಳಲ್ಲೂ ನಾನು ಬಾಟ್ಲಿಯ ನೀರು ಹೊಯ್ಯುತ್ತಲೇ ಇದ್ದೆ. ಅಮ್ಮನ ಕಣ್ಣು ಹೋದರೆ ಎಂಬುದು ಒಂದು ಹೆದರಿಕೆ. ಸುಣ್ಣದ ಸಂಗತಿ ಗೊತ್ತಾದರೆ ಎಂಬುದು ಇನ್ನೊಂದು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಾರಿಯಲ್ಲಿ ಎರಡನೆಯದೇ ದೊಡ್ಡದಿತ್ತು. ಮನೆಯ ದೈವಕ್ಕೆ ನನ್ನ ಹೊಸ ಕಲರ್ ಪೆನ್ಸಿಲಿನ ಪೆಟ್ಟಿಗೆಯನ್ನು ಹರಕೆ ಹೇಳಿಕೊಂಡೆ. ದೈವ ಅದನ್ನು ತಗೊಂಡು ಎಂತ ಮಾಡುತ್ತದೆ ಎಂದು ಯೋಚಿಸುವ ಸ್ಥಿತಿ ಇರಲಿಲ್ಲ.

ಡಾಕ್ಟರು ವಯಸ್ಸಾದ ಹೆಂಗಸು, ಮಾತು ಕಡಿಮೆ. ಅಮ್ಮನನ್ನು ಮಲಗಿಸಿ ಸಲೈನಿನ ಬಾಟ್ಲಿ ತೂಗುಹಾಕಿ ಕಣ್ಣಿಗೆ ಧಾರೆ ಬಿಟ್ಟರು. ಬಾಟ್ಲಿ ಮುಗಿದ ಮೇಲೆ ಒಂದು ಸಣ್ಣ ಪುಸ್ತಕದಿಂದ ಕಾಗದದ ಪಟ್ಟಿ ಹರಿದು ಕೆಳರೆಪ್ಪೆಯ ಒಳಗೆ ಮುಟ್ಟಿಸಿದರು. ನನಗೆ ಆ ಕಾಗದದ ಗುರುತು ಸಿಕ್ಕಿತು, ಶಾಲೆಯ ಲಿಟ್ಮಸ್.

ಕಾಗದ ನೀಲಿಯಾಯಿತು.

ಡಾಕ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಆಸಿಡ್ ಅಂತ ಅಲ್ವಾ ಹೇಳಿದ್ದು?"

"ಆಸಿಡ್ಡೇ ಡಾಕ್ಟ್ರೆ. ರಬ್ಬರಿಗೆ ಹಾಕುದು" ಎಂದರು ಸಂಜೀವಣ್ಣ.

ಇನ್ನೊಂದು ಬಾಟ್ಲಿ ಹಾಕಿದರು. ಐದು ನಿಮಿಷ ಕಾದರು. ಇನ್ನೊಂದು ಪಟ್ಟಿ. ಅದೂ ನೀಲಿ.

"ಇದು ಆಸಿಡ್ ಅಲ್ಲ. ತೊಳೆದಷ್ಟೂ ಮತ್ತೆ ಬರ್ತಾ ಉಂಟು, ಅಂದ್ರೆ ಒಳಗೆ ಎಲ್ಲಿಯೋ ಕೂತಿದೆ. ಎಂತ ಬಿದ್ದದ್ದು ಅಂತ ಸರಿಯಾಗಿ ಹೇಳಿ. ಹೊತ್ತು ಹೋದ ಹಾಗೆ ಕಣ್ಣು ಬೇಯ್ತದೆ."

ಅಮ್ಮ ಉಸಿರು ಬಿಗಿಹಿಡಿದು ಮಲಗಿದ್ದಳು. ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದದ್ದು ಒಬ್ಬಳಿಗೆ. ಜನ್ಮದಲ್ಲಿ ಮೊದಲ ಸಲ ನನ್ನ ಕೈ ಮೇಲೇಳಲಿಲ್ಲ. ಹೇಳಿದರೆ ಅಪ್ಪ ಕೊಂದೇಬಿಡುತ್ತಾರೆ. ಹೇಳದಿದ್ದರೆ? ಮಂಚದಿಂದ ಕೆಳಗೆ ಜೋತುಬಿದ್ದ ಅಮ್ಮನ ಕೈಯನ್ನು ನೋಡಿದೆ.

"ಸುಣ್ಣ" ಎಂದೆ. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ. "ಸುಣ್ಣ ಹಾಕಿದೆ. ನಾನು. ಎಲೆಗೆ ಹಾಕುವ ಸುಣ್ಣ."

ಬೈಗುಳ ಬರಲಿಲ್ಲ. "ಲೈಟ್ ಹಿಡಿ" ಎಂದು ನರ್ಸಿಗೆ ಹೇಳಿ ಡಾಕ್ಟರು ಅಮ್ಮನ ಮೇಲಿನ ರೆಪ್ಪೆಯನ್ನು ಕಡ್ಡಿಗೆ ಸುತ್ತಿ ಮಗುಚಿದರು. ಒಳಗಿನ ಕೆಂಪು ಮಾಂಸದಲ್ಲಿ ಬಿಳಿ ಚುಕ್ಕೆಗಳು ಅಂಟಿದ್ದವು. ಹತ್ತಿಯ ಕಡ್ಡಿಯಿಂದ ಒಂದೊಂದಾಗಿ ತೆಗೆದರು. ತೊಳೆದರು, ಕಾಗದ ಮುಟ್ಟಿಸಿದರು, ಮತ್ತೆ ತೊಳೆದರು. ಪ್ರತಿ ಪಟ್ಟಿಗೂ ನಾನು ಉಗುರು ಕಚ್ಚಿ ನಿಂತಿದ್ದೆ. ನೀಲಿ. ನೀಲಿ. ಸ್ವಲ್ಪ ತಿಳಿ ನೀಲಿ. ಎಷ್ಟೋ ಹೊತ್ತಿನ ಮೇಲೆ ಒಂದು ಪಟ್ಟಿ ಬಣ್ಣ ತಿರುಗದೆ ಇದ್ದ ಹಾಗೇ ಉಳಿಯಿತು, ಐದು ನಿಮಿಷ ಬಿಟ್ಟು ಮುಟ್ಟಿಸಿದ್ದೂ ಹಾಗೇ ಉಳಿಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

"ಆಸಿಡ್ ಮೇಲೆ ಮೇಲೆ ಸುಡ್ತದೆ. ಸುಣ್ಣ ಒಳಗೆ ಇಳಿತದೆ" ಎಂದರು ಡಾಕ್ಟರು ಕೈ ಒರೆಸಿಕೊಳ್ಳುತ್ತಾ. "ಕಣ್ಣೀರಿಗೆ ಇದನ್ನೆಲ್ಲ ತಡೆಯುವ ಶಕ್ತಿ ಸ್ವಲ್ಪ ಉಂಟು. ಇಷ್ಟು ಹಾಕಿದ್ರೆ ಅದು ಪಾಪ ಎಂತ ಮಾಡೀತು? ನೀರೇ ಹಾಕ್ಬೇಕಿತ್ತು, ಬರೀ ನೀರು. ಈಗಾದ್ರೂ ಹೇಳಿದೆಯಲ್ಲ."

ಅಪ್ಪ ಬಿ.ಸಿ.ರೋಡಿನಿಂದ ಬಸ್ಸು ಹಿಡಿದು ಬಂದು ಮುಟ್ಟುವಾಗ ಅಮ್ಮನ ಕಣ್ಣಿಗೆ ಪಟ್ಟಿ ಕಟ್ಟಿ ಆಗಿತ್ತು. ಅಪ್ಪನ ಕೈಯಲ್ಲಿ ರೋಲರಿನ ಹಲ್ಲು ಇನ್ನೂ ಇತ್ತು. "ಎಂತ ಆಯ್ತು? ಹೇಗಾಯ್ತು?" ಎಂದು ಕೇಳಿದ ಅವರ ಮುಖ ಬಿಳಿಚಿಕೊಂಡಿತ್ತು. ನಾನು ಗೋಡೆಗೆ ಒತ್ತಿ ನಿಂತೆ.

"ಆಸಿಡ್ ಹಾರಿತು. ನನ್ನದೇ ಅಜಾಗ್ರತೆ. ಮಗು ಇದ್ದದ್ದಕ್ಕೆ ಆಯ್ತು" ಎಂದಳು ಅಮ್ಮ. ಸಂಜೀವಣ್ಣ ಒಮ್ಮೆ ನನ್ನನ್ನು ನೋಡಿ, ಜೀಪ್ ತಿರುಗಿಸುತ್ತೇನೆ ಎಂದು ಹೊರಗೆ ಹೋದರು.

ಆ ತಿಂಗಳಿಡೀ ಗಂಟೆಗೊಮ್ಮೆ ಪಟ್ಟಿ ಸರಿಸಿ ಮದ್ದು ಬಿಡಬೇಕಿತ್ತು. ಅಪ್ಪ ಬಿಡುತ್ತಿದ್ದರು, ಇಲ್ಲವೇ ಅಜ್ಜಿ. ನಾನು ಬಾಗಿಲಿನ ಹತ್ತಿರ ನಿಂತು ನೋಡುತ್ತಿದ್ದೆ. ಪಟ್ಟಿ ಪೂರ್ತಿ ಬಿಚ್ಚಿದ ದಿನ ಅಪ್ಪ ಬೆರಳು ತೋರಿಸಿ "ಎಷ್ಟು?" ಎಂದರು. ಅಮ್ಮ "ಎರಡಾ?" ಎಂದಳು. ಅವರು ಹಿಡಿದದ್ದು ನಾಲ್ಕು. ಕಣ್ಣಿನ ಕಪ್ಪಿನ ಮೇಲೆ ಬಿಳಿ ಹೂ ಬಿದ್ದಿತ್ತು. ಕಣ್ಣು ಉಳಿಯಿತು. ದೃಷ್ಟಿ ಅರ್ಧಕ್ಕಿಂತ ಹೆಚ್ಚು ಹೋಯಿತು.

ಪಿಯುಸಿಯಲ್ಲಿ ಸಯನ್ಸ್ ತಗೊಂಡದ್ದು ಅಪ್ಪನ ಆಸೆಗೆ. ಬಫರ್ ದ್ರಾವಣದ ಪಾಠದಲ್ಲಿ ಲೆಕ್ಚರರ್ ಉದಾಹರಣೆಗೆ ರಕ್ತ ಅಂದರು, ಕಣ್ಣೀರು ಅಂದರು. ಸ್ವಲ್ಪ ಆಮ್ಲ ಬಂದರೂ ಸ್ವಲ್ಪ ಪ್ರತ್ಯಾಮ್ಲ ಬಂದರೂ ತನ್ನ ಸ್ಥಿತಿ ಬಿಡದ ದ್ರಾವಣ ಅಂತೆ. ಲ್ಯಾಬಿನಲ್ಲಿ ಹನಿ ಬಿಡುವ ಬ್ಯುರೆಟ್ಟಿನ ತಿರುಪು ಹಿಡಿದರೆ ಪ್ರತಿ ಸಲವೂ ಹನಿ ಹೆಚ್ಚಾಗಿ ಬಣ್ಣ ದಾಟಿಹೋಗುತ್ತಿತ್ತು. ಜೊತೆಯ ಹುಡುಗಿಯರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಡಿಗ್ರಿಗೆ ಆರ್ಟ್ಸ್ ಸೇರಿದೆ. ಈಗ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ.

ಅಜ್ಜಿ ಹೋಗಿ ಕೆಲವು ವರ್ಷ ಆಯಿತು. ನಮ್ಮಲ್ಲೀಗ ಶೀಟು ಮಾಡುವುದಿಲ್ಲ, ಹಾಲನ್ನೇ ಕ್ಯಾನಿನಲ್ಲಿ ಕೊಡುತ್ತೇವೆ. ಹಾಗಾಗಿ ಅಂಗಳದಲ್ಲಿ ಹುಳಿ ವಾಸನೆಯೂ ಇಲ್ಲ, ಹೊಗೆಯೂ ಇಲ್ಲ. ಇದೆಲ್ಲ ಹೋಯಿತಲ್ಲ ಎಂದು ಬಂದವರು ಬೇಸರಪಡುತ್ತಾರೆ. ನನಗೆ ಹೋದದ್ದು ಬೇರೆ.

ಹೋದ ತಿಂಗಳು ಅಮ್ಮನ ಎಡಗಣ್ಣಿನ ಪೊರೆ ತೆಗೆಸಿದೆವು. ಅವಳಿಗೆ ಸರಿಯಾಗಿ ಕಾಣುವುದು ಅದೊಂದರಲ್ಲೇ. ದಿನಕ್ಕೆ ನಾಲ್ಕು ಸಲ ಮದ್ದು ಬಿಡಲು ರಜೆ ಹಾಕಿ ಊರಿಗೆ ಹೋದೆ. ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ.

"ಆವತ್ತು ನಾನು ಹಾಕಿದ್ದು ಮದ್ದಲ್ಲ ಅಂತ ನಿನಗೆ ಯಾವಾಗ ಗೊತ್ತಾಯ್ತು ಅಮ್ಮ?"

"ಬಿದ್ದ ಕೂಡ್ಲೆ ಗೊತ್ತಾಯ್ತು. ಆಸಿಡ್ಡಿಗಿಂತ ಜಾಸ್ತಿ ಉರಿಯಿತು ಮಾರಾಯ್ತಿ."

"ಮತ್ತೆ ಯಾಕೆ ಕಣ್ಣು ಮುಚ್ಚಲಿಲ್ಲ?"

ಅಮ್ಮ ನಕ್ಕಳು. "ಮಗಳು ಹಾಕುವಾಗ ಯಾರಾದ್ರೂ ಕಣ್ಣು ಮುಚ್ತಾರಾ?"

ಮದ್ದಿನ ಹೊತ್ತಾಗಿತ್ತು. ಸಣ್ಣ ಬಾಟ್ಲಿಯ ಮುಚ್ಚಳ ತೆಗೆದು ಅವಳ ಹತ್ತಿರ ಬಗ್ಗಿದೆ. ಅವಳ ಕೈ ಬಂದು ಮೆಲ್ಲನೆ ನನ್ನ ಮಣಿಕಟ್ಟನ್ನು ಹಿಡಿಯಿತು.

"ನಿಲ್ಲು ಮಗಾ. ಎಂತ ಮದ್ದು ಅದು? ಹೆಸರು ಓದು."

ಪ್ರತಿ ಸಲವೂ ಹಾಗೇ. ಸಿಟ್ಟಿನಿಂದಲ್ಲ, ತಾನು ಹಾಗೆ ಕೇಳುವುದು ಅವಳಿಗೆ ಗೊತ್ತೂ ಇಲ್ಲ ಅಂತ ಕಾಣುತ್ತದೆ. ಅಪ್ಪ ಬಿಡುವಾಗ ಸುಮ್ಮನೆ ಮುಖ ಎತ್ತುತ್ತಾಳೆ, ಏನೂ ಕೇಳುವುದಿಲ್ಲ. ನಾನು ಬಾಟ್ಲಿಯನ್ನು ಬೆಳಕಿಗೆ ಹಿಡಿದು ಹೆಸರು ಓದಿ ಹೇಳುತ್ತೇನೆ. ಆಮೇಲೆ ಕಣ್ಣು ಬಿಡುತ್ತಾಳೆ.