ಮಿನ್ನಜ್ಜಿಯ ಕೆಂಪು ಗುಂಡಿ

ನಮ್ಮ ಎದುರು ಮನೆಯ ಮಿನ್ನಿ ಹಾರ್ಟ್ಲಿ, ಬೀದಿಗೆಲ್ಲ ಮಿನ್ನಜ್ಜಿ, ಹದಿನಾಲ್ಕನೇ ವಯಸ್ಸಿಗೆ ಲ್ಯಾಂಕಾಶೈರಿನ ಹತ್ತಿ ಗಿರಣಿ ಸೇರಿದವಳು. ನಲವತ್ತಾರು ವರ್ಷದ ಮಗ್ಗದ ಗದ್ದಲ ಅವಳ ಕಿವಿಯನ್ನು ತಿಂದುಹಾಕಿತು. ಆ ಗದ್ದಲದಲ್ಲಿ ನೇಯುವವರೆಲ್ಲ ತುಟಿ ನೋಡಿಯೇ ಮಾತಾಡುತ್ತಿದ್ದರಂತೆ. ಈಗಲೂ ನಾನು ಮಗುವಿನ ಗಾಡಿ ತಳ್ಳಿಕೊಂಡು ಹೋಗುವಾಗ, ಅವಳು ಕಿಟಕಿ ಗಾಜಿನ ಹಿಂದೆ ನಿಂತು, ಸದ್ದೇ ಇಲ್ಲದೆ ಇಡೀ ಬೀದಿಯ ಸುದ್ದಿ ಹೇಳುತ್ತಾಳೆ. ನನ್ನ ಮಗಳು ಟೆಸ್ಸಾ ಮಾತು ಬರುವ ಮೊದಲೇ ಹಾಗೆ ಸದ್ದಿಲ್ಲದೆ ತುಟಿಯಾಡಿಸಲು ಕಲಿತಳು.

ಹೋದ ಚಳಿಗಾಲದಲ್ಲಿ ಅಜ್ಜಿ ಎರಡು ಸಲ ಬಿದ್ದ ಮೇಲೆ ನಗರಸಭೆಯವರು ಅವಳ ಕೊರಳಿಗೆ ಕೆಂಪು ಗುಂಡಿಯೊಂದನ್ನು ಕಟ್ಟಿದರು. ಒತ್ತಿದರೆ ಫೋನಿನ ಪಕ್ಕದ ಪೆಟ್ಟಿಗೆಯೊಳಗಿಂದ ಸಹಾಯ ಕೇಂದ್ರದ ಒಬ್ಬ ಹೆಂಗಸು ವಿಚಾರಿಸುತ್ತಾಳೆ. ಅಜ್ಜಿ ತೊಂದರೆಯಾಗಿದೆ ಎಂದರೆ ಆ ಹೆಂಗಸು ನನಗೆ ಫೋನು ಮಾಡುತ್ತಾಳೆ. ಅಜ್ಜಿಯ ಮನೆಯ ಬೀಗದ ಕೈ ನನ್ನ ಹತ್ತಿರ ಇದೆ. ಇದರಿಂದಲೂ ಆಗದಿದ್ದರೆ ವೃದ್ಧಾಶ್ರಮವೇ ಗತಿ ಎಂದು ನಗರಸಭೆಯ ಅಧಿಕಾರಿಣಿ ಹೇಳಿ ಹೋಗಿದ್ದಳು.

"ಅಲ್ಲಿಗೆ ನಾನು ಹೋಗಲ್ಲ ಕಣೇ. ಸಂಜೆ ಆರಕ್ಕೇ ಮಲಗಿಸ್ತಾರಂತೆ, ಕೋಳಿ ಮರಿ ಹಾಗೆ," ಎಂದಿದ್ದಳು ಅಜ್ಜಿ.

ಮಂಗಳವಾರ ಮಧ್ಯಾಹ್ನ ಕಿಟಕಿಯಲ್ಲಿ ಅವಳಿರಲಿಲ್ಲ. ಬಾಗಿಲು ತೆಗೆದು ಹೋದೆ. ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು, ಬಲ ಮಣಿಕಟ್ಟು ಊದಿತ್ತು.

"ಮೊದಲು ಒಲೆ ಆರಿಸು. ಆಲೂಗಡ್ಡೆ ಪೈ ಸೀದು ಹೋಗಿರತ್ತೆ," ಎಂದಳು.

ಒಲೆ ಆರಿಸಿ, ಆಂಬುಲೆನ್ಸಿಗೆ ಫೋನು ಮಾಡಿ, ಕಂಬಳಿ ಹೊದಿಸಿದೆ. ಆಮೇಲೆ ಅವಳ ಮುಖದೆದುರು ಕೂತು ಕೇಳಿದೆ, "ಗುಂಡಿ ಒತ್ತಲಿಲ್ವಾ ಅಜ್ಜಿ?"

"ಒತ್ತಿದೆ. ಎರಡು ಗಂಟೆ ಹೊತ್ತಾಯ್ತು. ಆ ಪೆಟ್ಟಿಗೆ ಏನೋ ಗೊಣಗ್ತು, ಉತ್ತರಾನೂ ಕೊಟ್ಟೆ."

"ಏನಂತ?"

"ಇನ್ನೇನಂತಾರೆ? ಯಾರಾದ್ರೂ ಮೊದಲು ಕೇಳೋದು ಚೆನ್ನಾಗಿದೀಯಾ ಅಂತ ತಾನೆ? ಚೆನ್ನಾಗಿದೀನಮ್ಮ, ನೀನು ಹೇಗಿದೀಯಾ ಅಂದೆ."

ಕೇಂದ್ರದವರು ಕೈತಪ್ಪಿ ಒತ್ತಿದ್ದೆಂದು ಬರೆದು ಮುಗಿಸಿದ್ದರು.

ಶುಕ್ರವಾರ ಅಧಿಕಾರಿಣಿ ಬಂದಳು. "ಸಹಾಯ ಬೇಕು ಅಂತ ಹೇಳೋಕೇ ಬರದವರನ್ನ ಒಂಟಿಯಾಗಿ ಹೇಗೆ ಬಿಡೋದು?" ಎಂದಳು. ತಪ್ಪು ಮಾತಲ್ಲ.

"ಒತ್ತೋಕೆ ಬರತ್ತಲ್ಲ," ಎಂದೆ. "ಪೆಟ್ಟಿಗೆಗೆ ತುಟಿ ಇಲ್ಲ, ಇವಳಿಗೆ ಕಿವಿ ಇಲ್ಲ. ಮತ್ಯಾಕೆ ಕೇಳ್ತೀರಿ? ಒತ್ತಿದ ತಕ್ಷಣ ನನಗೆ ಫೋನ್ ಮಾಡಿ. ನಾನು ಮನೇಲಿ ಇಲ್ಲದಿದ್ರೆ ನಿಮ್ಮವರನ್ನ ಕಳಿಸಿ. ಅವಳು ಏನೇ ಅಂದರೂ ಸರಿ."

ನಮ್ಮ ತುಟಿಗಳನ್ನೇ ನೋಡುತ್ತಿದ್ದ ಅಜ್ಜಿ ನಡುವೆ ಬಾಯಿ ಹಾಕಿದಳು. "ಸುಮ್ಮನೆ ಕೈ ತಗುಲಿದ್ರೂ ಬರ್ತೀಯಾ?"

"ಬಂದು ಬೈದು ಹೋಗ್ತೀನಿ."

"ಹಾಗಾದ್ರೆ ಸರಿ."

ಅಧಿಕಾರಿಣಿ ಕಡತದಲ್ಲಿ ಹಾಗೆಯೇ ಬರೆದಳು. ಮೂರು ತಿಂಗಳು ನೋಡೋಣ ಎಂದು ಕಾಗದ ಮುಂದಿಟ್ಟಳು. ಬಲಗೈ ಪಟ್ಟಿಯಲ್ಲಿದ್ದದ್ದರಿಂದ ಮಿನ್ನಜ್ಜಿ ಎಡಗೈಯಲ್ಲಿ, ನಾಲಿಗೆ ಕಚ್ಚಿಕೊಂಡು, ನಿಧಾನವಾಗಿ ತನ್ನ ಪೂರ್ತಿ ಹೆಸರು ಬರೆದಳು.