ಮಾವನ ಹಳೆಯ ದನಿ

ಕುಳಗೇರಿ ಕ್ರಾಸಿನ ಮೊಬೈಲ್ ಅಂಗಡಿಯಲ್ಲಿ ಆ ಮಧ್ಯಾಹ್ನ ನಾವು ನಾಲ್ಕೇ ಜನ. ಗಾಜಿನ ಕಪಾಟಿನ ಹಿಂದೆ ಅಂಗಡಿಯವ, ಈಚೆ ಸ್ಟೂಲಿನ ಮೇಲೆ ನಮ್ಮ ಸೋದರಮಾವ, ಅವರ ಪಕ್ಕದಲ್ಲಿ ನನ್ನ ತಂಗಿ, ಬಾಗಿಲಲ್ಲಿ ನಾನು. ಮಾವ ಕಂಬಳಿ ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಹೊರಗೆ ಬಾದಾಮಿಯ ಬಸ್ಸು ಬಂದು ನಿಂತು ಹೋಯಿತು.

ನಾವು ಬಂದ ಕಾರಣ ತಂಗಿಯ ವಿಡಿಯೊ ಚಾನೆಲ್. ಶಿರೂರಿನ ನಮ್ಮ ಕುರಿಹಟ್ಟಿ, ಉಣ್ಣೆ ಕತ್ತರಿಸುವುದು, ಕಂಬಳಿ ನೇಯುವುದು, ಮಾವನ ಡೊಳ್ಳಿನ ಪದ, ಇವೇ ಅವಳ ಸರಕು. ನೋಡುವವರು ಹೆಚ್ಚಿದಂತೆ ಜಾಹೀರಾತಿನ ಹಣ ಬರತೊಡಗಿ, ಅವಳು ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಪೂರ್ತಿ ಇದಕ್ಕೇ ನಿಂತಿದ್ದಳು. ಆ ವಾರ ಎರಡು ಸ್ಟ್ರೈಕ್ ಬಂದವು. ಇನ್ನೊಬ್ಬರ ಹಕ್ಕಿನದನ್ನು ಕೇಳದೆ ಬಳಸಿದ್ದೀರಿ ಎಂಬ ಎಚ್ಚರಿಕೆ ಅದು. ಹೊಸ ವಿಡಿಯೊ ಹಾಕಲೂ ತಡೆಯಾಯಿತು. ಮೂರನೆಯದು ಬಂದರೆ ಚಾನೆಲ್ಲೇ ಅಳಿಸಿಹೋಗುತ್ತದೆ, ಅವಳು ವರ್ಷಗಟ್ಟಲೆ ಚಿತ್ರ ಹಿಡಿದದ್ದೆಲ್ಲ ಅದರ ಜೊತೆಗೆ.

ಆದದ್ದು ಇಷ್ಟು. ಮಾವನ ಗಂಟಲು ಈಗ ಒಡೆದಿದೆ, ದನಿ ಏರಿಸಿದರೆ ಕೆಮ್ಮು. ಅದಕ್ಕೇ ತಂಗಿ ಕುರಿ ಮೇಯುವ ಹೊಸ ಚಿತ್ರಗಳ ಹಿಂದೆ ಅವರ ಹಳೆಯ ಹಾಡು ಹಾಕಿದಳು. ಆ ಹಾಡನ್ನು ಮಾವ ಹಿಂದೊಮ್ಮೆ ಇದೇ ಅಂಗಡಿಯ ಒಳಕೋಣೆಯಲ್ಲಿ ಕೂತು ಹಾಡಿದ್ದರು. ಅಂಗಡಿಯವ ಅದನ್ನು ಮೆಮೊರಿ ಕಾರ್ಡಿಗೆ ತುಂಬಿ ಊರೂರಿಗೆ ಮಾರಿದ್ದ. ನಮ್ಮ ಮನೆಯಲ್ಲೂ ಒಂದು ಕಾರ್ಡು ಇತ್ತು. ಮನೆಯವರ ದನಿಗೆ ಇನ್ಯಾರ ಅಪ್ಪಣೆ ಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ನನಗೂ ಹೊಳೆಯುತ್ತಿರಲಿಲ್ಲ. ನಾನು ಮಾತು ಕಲಿತದ್ದೇ ಆ ದನಿ ಕೇಳಿ.

ಮಾವನೇ ಮಾತು ಶುರು ಮಾಡಿದರು.

“ತಮ್ಮಾ, ನನ್ನ ಹಾಡು ನನ್ನ ತಂಗಿ ಮಗಳು ಹಾಕ್ಯಾಳ. ಕಳವು ಹೆಂಗಾತು?”

“ಹಾಡು ನಿಮ್ದಽ ಐತಿ ಕಾಕಾ. ರೆಕಾರ್ಡಿಂಗ್ ನಂದು. ಈಗ ನಂದೂ ಅಲ್ಲ, ಹಾಡಿನ ಕಂಪನಿಗೆ ಕೊಟ್ಟೇನಿ.”

“ಕುರಿ ನಂದು, ಕಂಬಳಿ ನಿಂದು ಅಂದಂಗಾತು.”

ಅಂಗಡಿಯವನಿಗೂ ನಗು ಬಂತು. “ಆ ಕಂಬಳಿ ನನಗ ಕೈಯಾರೆ ಹೊಚ್ಚಿದವ್ರು ನೀವಽ ಅಲ್ರಿ? ಅವತ್ತ ನನ್ನ ವೀಳ್ಯ ಹಿಡದೀರಿ, ಇಲ್ಲಂತೀರೇನು?”

ಇಲ್ಲವೆನ್ನುವ ಹಾಗಿರಲಿಲ್ಲ. ನಮ್ಮ ಕಡೆ ಡೊಳ್ಳಿನ ಮೇಳವನ್ನು ಕರೆಯುವವರು ಎಲೆ ಅಡಿಕೆ ಕೊಡುತ್ತಾರೆ. ಅದನ್ನು ಕೈಯಲ್ಲಿ ಹಿಡಿದರೆ ಮುಗಿಯಿತು, ಮನೆಯಲ್ಲಿ ಏನೇ ಇರಲಿ, ಹೋಗಿ ಹಾಡಲೇಬೇಕು. ಆದರೆ ಒಂದು ವೀಳ್ಯಕ್ಕೆ ಒಂದೇ ಹಾಡಿಕೆ. ಕೊನೆಗೆ ಬೀರಪ್ಪ ದೇವರಿಗೆ ಮಂಗಳ ಹಾಡಿದ ಮೇಲೆ ಯಾರಿಗೆ ಯಾರೂ ಬದ್ಧರಲ್ಲ.

“ಹಿಡದೇನಿ. ಹಾಡಿ ಮುಗಿಸೇನಿ. ಅವತ್ತಿಂದು ಅವತ್ತಿಗೆ,” ಎಂದರು ಮಾವ.

“ಮಷಿನ್‌ದಾಗ ಮುಗಿಯೂದಿಲ್ರಿ ಕಾಕಾ.”

ಮಾವ ಕಂಬಳಿಯ ಮಡಿಕೆ ಬಿಚ್ಚಿದರು. ಒಳಗೆ ಐದು ಎಲೆ, ಒಂದು ಅಡಿಕೆ. ಮನೆಯಿಂದ ತಂದದ್ದನ್ನು ನಮಗೂ ಹೇಳಿರಲಿಲ್ಲ. ಗಾಜಿನ ಮೇಲೆ ಇಟ್ಟು ಅವನತ್ತ ಸರಿಸಿದರು.

“ತಿರುಗಿ ತಗೊ. ನನ್ನ ದನಿ ನನಗ ಕೊಡು.”

ಅವನು ಎಲೆ ಮುಟ್ಟಲಿಲ್ಲ. “ಹಿಂಗ ಮಾಡಬ್ಯಾಡ್ರಿ ಕಾಕಾ,” ಎಂದ, ಸಣ್ಣ ದನಿಯಲ್ಲಿ. ಆಮೇಲೆ ಕಂಪನಿಗೆ ಫೋನ್ ಹಚ್ಚಿ ನಮ್ಮೆದುರೇ ಬೇಡಿಕೊಂಡ. “ಹಾಡಿದವ್ರ ಮನಿಯವ್ರು ಸರ್, ಹೊರಗಿನವ್ರಲ್ಲ.” ಆಚೆಯವರ ಉತ್ತರ ಒಂದೇ. ಆ ಹಾಡಿರುವ ವಿಡಿಯೊಗಳನ್ನೆಲ್ಲ ಮೊದಲು ತೆಗೆಯಲಿ, ಸ್ಟ್ರೈಕ್ ಹಿಂದಕ್ಕೆ ಪಡೆಯುವ ಮಾತು ಆಮೇಲೆ.

ತಂಗಿ ಅಲ್ಲೇ ಕೂತು ತೆಗೆಯತೊಡಗಿದಳು. ಪ್ರತಿ ಸಲವೂ ಮಾವನ ಮುಖ ನೋಡುವಳು.

“ಇದು, ಮಾಮಾ?”

“ತಗಿ.”

“ಇದೂ?”

“ತಗಿಯವ್ವಾ. ನಿನ್ನ ಚಾನೆಲ್ ಉಳೀಲಿ.”

ಕೊನೆಯದಕ್ಕೆ ಮಾತ್ರ ಕೈ ಅಡ್ಡ ಹಿಡಿದರು. “ತಡಿ. ಒಮ್ಮೆ ಕೇಳಸು.”

ಮನೆಯ ಕಾರ್ಡಿನಲ್ಲಿ ಆ ಹಾಡನ್ನು ಬೇಕಾದಾಗ ಕೇಳಬಹುದಿತ್ತು. ಆದರೆ ಈ ವಿಡಿಯೊದಲ್ಲಿ ಅವರದೇ ಕುರಿಗಳು ಆ ದನಿಯೊಳಗೆ ನಡೆದು ಹೋಗುತ್ತಿದ್ದವು. ಅಂಗಡಿಯವ ಯಾರೂ ಹೇಳದೆ ಎದ್ದು ಫ್ಯಾನ್ ಆರಿಸಿದ. ಸೆಖೆಯಲ್ಲಿ ಕೂತು ಮಂಗಳದವರೆಗೂ ಕೇಳಿದೆವು. ಮಾವನ ಬೆರಳು ಕಂಬಳಿಯ ಮೇಲೆ ತಾಳ ಹಾಕುತ್ತಿತ್ತು. ಮುಗಿದಾಗ, ಯಾರೋ ಬೇರೆಯವರ ಹಾಡು ಕೇಳಿದವರ ಹಾಗೆ, “ಛಲೋ ಹಾಡ್ಯಾನ,” ಎಂದರು. ಆಮೇಲೆ ಕಂಬಳಿ ಮಡಚಿಕೊಂಡು, “ತಗಿ,” ಎಂದರು.

ನಾವು ಹೊರಡುವಾಗ ಎಲೆ ಅಡಿಕೆ ಗಾಜಿನ ಮೇಲೇ ಇತ್ತು.

ಕೆಲವು ವಾರಗಳ ನಂತರ ಕಂಪನಿ ಒಂದು ಸ್ಟ್ರೈಕ್ ಹಿಂದಕ್ಕೆ ಪಡೆಯಿತು. ಇನ್ನೊಂದು ಅವಧಿ ತುಂಬಿ ತಾನಾಗಿ ಹೋಯಿತು. ಚಾನೆಲ್ ಉಳಿಯಿತು, ಆದರೆ ನೋಡುವವರು ಹಾಡು ಎಲ್ಲಿ ಎಂದು ಕೇಳುತ್ತಲೇ ಇದ್ದರು. ಒಂದು ಮುಂಜಾನೆ ಮಾವ ಡೊಳ್ಳು ಹೊತ್ತು ಹಟ್ಟಿಗೆ ಬಂದು ಅವಳ ಮೊಬೈಲಿನ ಎದುರು ಕೂತರು. “ಹಿಡಿ,” ಎಂದರು. ಅದೇ ಪದವನ್ನು ಈಗಿನ ಗಂಟಲಲ್ಲಿ ಹಾಡಿದರು. ನಡುವೆ ಕೆಮ್ಮು ಬಂತು. ನಿಲ್ಲಿಸಿ, ನೀರು ಕುಡಿದು, ಬಿಟ್ಟಲ್ಲಿಂದ ಮತ್ತೆ ಹಿಡಿದರು. ತಂಗಿ ಕೆಮ್ಮನ್ನು ಕತ್ತರಿಸದೆ ಹಾಗೇ ಹಾಕಿದಳು.