ಮಡಲು ಹೊದಿಸಿಟ್ಟ ದೋಣಿ

ಹೊಳೆ ನಡುವಿನ ನಡುಗಡ್ಡೆಯಾದ ನಮ್ಮ ಕುದ್ರುವಿನ ಬಸುರಿಯರಿಗೂ ಎಳೆಮಕ್ಕಳಿಗೂ ಎಂದು ಪಂಚಾಯ್ತಿಯಿಂದ ಬಂದಿದ್ದ ದೋಣಿಯನ್ನು ಆಚೆದಡದವರು ತಮ್ಮ ಅಂಗಳದಲ್ಲಿ ಇಟ್ಟುಕೊಂಡರು. ಆ ಕಾರಣದಿಂದ ನನ್ನ ತಂಗಿ ಬದುಕಲಿಲ್ಲ. ಇದನ್ನು ಮೊದಲೇ ಹೇಳಿ ಮುಂದಿನದನ್ನು ಬರೆಯುತ್ತೇನೆ.

ಬೈಂದೂರು ಕಡೆಯ ಹೊಳೆಗಳ ನಡುವೆ ಮನೆ ಮಾಡಿಕೊಂಡಿದ್ದವರಿಗೆ ಆಗಿನ ಮಳೆಗಾಲ ನೆನಪಿರಬಹುದು. ಹೊಸ ಶತಮಾನ ಆಗಷ್ಟೇ ಹುಟ್ಟಿತ್ತು. ನಮ್ಮ ಕುದ್ರುವಿಗೆ ಸೇತುವೆ ಇರಲಿಲ್ಲ. ಕೆಂಡದ ಮೇಲೆ ಸುಡುವ ಒಣಮೀನಿನ ವಾಸನೆ ಆರದ ಬಟ್ಟೆಗಳಿಗೂ ಹತ್ತುತ್ತಿತ್ತು. ಅಬ್ಬಿ, ಎಂದರೆ ನನ್ನ ತಾಯಿ, ತುಂಬಿದ ಹೊಟ್ಟೆ ಹೊತ್ತು ಗೋಡೆಗೊರಗಿ ನನ್ನೊಡನೆ ಚೆನ್ನೆಮಣೆ ಆಡುತ್ತಿದ್ದಳು. ಸೋಲುವಂತಾದಾಗ "ಹೊಟ್ಟಿಯೊಳ್ಗಿಪ್ಪುದ್ ಒದೀತ್, ಲೆಕ್ಕ ತಪ್ತ್" ಎನ್ನುತ್ತಿದ್ದಳು.

ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕೆಂಬುದು ನಮ್ಮಲ್ಲಿಯ ರೂಢಿ. ಆದರೂ ಹೊಳೆ ಏರುವ ಮೊದಲೇ ವಂಡ್ಸೆಯ ತವರಿಗೆ ಹೋಗುತ್ತೇನೆಂದು ಅಬ್ಬಿ ಕೇಳಿದ್ದಳು. "ಹೊಸ ದೋಣಿ ಇತ್ತಲ್ದಾ, ಎಂತಕ್ ಹೆದ್ರುದ್?" ಎಂದಿದ್ದ ಅಪ್ಪಯ್ಯ. ಆ ನಂಬಿಕೆಯಲ್ಲೇ ನಮ್ಮ ಹಳೆಯ ತೂತುದೋಣಿಯನ್ನು ಒಡೆದು ಒಲೆಗೆ ಹಾಕಿಯಾಗಿತ್ತು.

ಮೊದಲ ಮಳೆ ಬೀಳುತ್ತಲೇ ಆಚೆದಡದ ಪಂಚಾಯ್ತಿ ಸದಸ್ಯರೊಬ್ಬರ ಆಳುಗಳು ಹೊಸ ದೋಣಿಯನ್ನು ತಮ್ಮ ದಡಕ್ಕೆ ಒಯ್ದರು. ಆ ದಾರಿಯಾಗಿ ಹೋಗುತ್ತಿದ್ದ ಮೀನುಬಲೆಯವರ ದೋಣಿ ಹತ್ತಿ ಅದನ್ನು ಕೇಳಲು ಹೋದ ಅಪ್ಪಯ್ಯನ ಜೊತೆ ನಾನೂ ಇದ್ದೆ. ಕಡಲಿಗಿಳಿಯದ ತಿಂಗಳುಗಳಲ್ಲಿ ದೋಣಿಗಳನ್ನು ದಡಕ್ಕೆಳೆದು ಮುಚ್ಚಿಡುವುದು ಕರಾವಳಿಯ ಪದ್ಧತಿ. ಸದಸ್ಯರು ನಮ್ಮ ದೋಣಿಯನ್ನೂ ಹಾಗೆಯೇ ಅಂಗಳದಲ್ಲಿ ಕವುಚಿ, ಹೆಣೆದ ತೆಂಗಿನ ಮಡಲು ಹೊದಿಸಿ, ಹಗ್ಗ ಬಿಗಿಸಿದ್ದರು.

"ಹೊಸ ದೋಣಿ ಮಾರಾಯಾ, ಮಳಿಗ್ ಬಿಟ್ರೆ ಹಾಳಾತ್ತ್. ಬೇಕಾದ್ರೆ ಒಂದ್ ಕೂಗ್ ಹಾಕ್, ಕಳ್ಸ್ತೆ" ಎಂದರು.

"ಅದ್ ಮಳಿಗಂದೇ ಕೊಟ್ದಲ್ದಾ, ಒಡೆಯಾ?" ಎಂದ ಅಪ್ಪಯ್ಯ.

"ನಿನ್ ಹೆಂಡ್ತಿ ಎಂತ, ನೆರಿ ಕಂಡೇ ಹೆರ್ತ್ಲಾ?"

ಜಗಲಿಯಲ್ಲಿ ಕುಳಿತವರು ನಕ್ಕರು. ಯಾರ್ಯಾರು ನಕ್ಕರೆಂದು ಇಂದಿಗೂ ಹೇಳಬಲ್ಲೆ. ಅಪ್ಪಯ್ಯನೂ ನಗಲು ನೋಡಿದ, ಆಗಲಿಲ್ಲ.

ನೆರೆ ಬಂದ ಬೆಳಿಗ್ಗೆಯೇ ಅಬ್ಬಿಗೆ ನೋವು ಕಾಣಿಸಿತು. ನೀರು ಅಂಗಳ ದಾಟಿ ಮೆಟ್ಟಿಲು ಮುಟ್ಟಿತ್ತು. ಬಲೆಯವರ ದೋಣಿಯೂ ಅಂದು ಹೊಳೆಗಿಳಿದಿರಲಿಲ್ಲ. ಹಳೆಯ ಸೀರೆಯ ಮೆತ್ತನೆಯ ತುಂಡುಗಳನ್ನು ಒಗೆದು, ಹೊಗೆಗೆ ಒಣಗಿಸಿ, ಅವಳು ಗಂಟು ಕಟ್ಟಿಟ್ಟಿದ್ದಳು. ಸಿದ್ಧತೆಯಲ್ಲಿ ಅವಳ ಕಡೆಯಿಂದ ಕೊರತೆಯಿರಲಿಲ್ಲ. ಅಪ್ಪಯ್ಯ ದೋಣಿ ಹತ್ತುವ ಕಡವಿನಲ್ಲಿ ನಿಂತು "ಹ್ವಾಯ್, ದೋಣಿ ತನ್ನಿ" ಎಂದು ಗಂಟಲು ಹರಿಯುವಂತೆ ಕೂಗಿದ. ಹೊಳೆಯ ಅಬ್ಬರದಲ್ಲಿ ಆ ಕೂಗು ನಮ್ಮ ಮನೆಗೇ ಸರಿಯಾಗಿ ಕೇಳಲಿಲ್ಲ. ಕೊನೆಗೆ ಈಜಿಕೊಂಡೇ ಹೋದ. ಹಗ್ಗ ಬಿಚ್ಚಿ, ಮಡಲು ಸರಿಸಿ, ಆಳುಗಳನ್ನು ಸೇರಿಸಿ ದೋಣಿಯನ್ನು ಹೊತ್ತು ನೀರಿಗಿಳಿಸಿ ತರುವಾಗ ಮಧ್ಯಾಹ್ನ ಕಳೆದಿತ್ತು.

ಅಬ್ಬಿಯನ್ನು ಮಲಗಿಸಿಕೊಂಡು ಹೊರಟ ದೋಣಿ ಹೊಳೆಯ ನಡುವಿರುವಾಗಲೇ ಹೆರಿಗೆಯಾಯಿತು. ಹೆಣ್ಣು.

"ಶಿಶು ಎಂತಕ್ ಮರ್ಕುದಿಲ್ಲ?" ಎಂದಳು ಅಬ್ಬಿ. ಅಳು ಕೇಳಲೇ ಇಲ್ಲ. ಜೊತೆಗೆ ಬಂದಿದ್ದ ನೆರೆಮನೆಯ ಅಜ್ಜಿ ದಡ ಮುಟ್ಟುವವರೆಗೂ ಆ ಪುಟ್ಟ ಬೆನ್ನನ್ನು ತಿಕ್ಕುತ್ತಲೇ ಇದ್ದರು. ಶಿಶುವನ್ನು ಇಳಿಸುವಾಗ ಸದಸ್ಯರು ದಡದಲ್ಲೇ ನಿಂತಿದ್ದರು. ಕುಂದಾಪುರದ ಆಸ್ಪತ್ರೆಯಲ್ಲಿ ಅಬ್ಬಿಯೊಬ್ಬಳು ಬದುಕುಳಿದಳು.

ಮುಂದಿನ ಮಳೆಗಾಲದೊಳಗೆ ನಾವು ಕುದ್ರು ಬಿಟ್ಟೆವು. ಆಮೇಲೆ ಅಬ್ಬಿ ಯಾವ ಬಾಣಂತಿಯನ್ನು ನೋಡಲೂ ಹೋಗಲಿಲ್ಲ. ಈ ಮನೆಗೆ ನಾನು ಹಿರಿಯ ಮಗಳು. ನನ್ನನ್ನು ಅಕ್ಕ ಎಂದು ಕರೆಯುವವರು ಮಾತ್ರ ಯಾರೂ ಇಲ್ಲ.

ವರ್ಷಗಳ ಬಳಿಕ ಸೇತುವೆಯಾಯಿತು. ಉದ್ಘಾಟನೆಯ ದಿನ ಅದೇ ಸದಸ್ಯರು, ತಮ್ಮ ಕಾಲದಲ್ಲಿ ಈ ಕುದ್ರುವಿನಲ್ಲಿ ನೆರೆಯಿಂದ ಒಂದು ಜೀವವೂ ಹೋಗಿಲ್ಲವೆಂದು ಮೈಕಿನಲ್ಲಿ ಹೇಳಿದರು. ಸೇತುವೆ ನೋಡಲೆಂದು ಬಂದಿದ್ದ ಅಬ್ಬಿ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಸದಸ್ಯರೇ, ನಿಮ್ಮ ಕಣ್ಣೆದುರೇ ದಡಕ್ಕಿಳಿಸಿದ ಆ ಶಿಶುವನ್ನು ನೀವು ಏನೆಂದು ಎಣಿಸಿದಿರಿ?